ಕುಲುಮೆ ಆರಿದ ಮೇಲೆ ಕಪ್ಪು ಕಾರು

ನಮ್ಮ ಬೀದಿಯಲ್ಲಿ ಯಾರೂ ಕಪ್ಪು ಕಾರು ಕೊಳ್ಳುತ್ತಿರಲಿಲ್ಲ.
ಬೂದು, ಬೆಳ್ಳಿ, ಒಂದೆರಡು ಮಾಸಲು ಹಸಿರು.
ಗಾಳಿ ಸಮುದ್ರದ ಕಡೆ ತಿರುಗದ ದಿನ
ಕುಲುಮೆಯ ಕೆಂಪು ಹುಡಿ ಬಂದು ಕೂರುತ್ತಿತ್ತು
ಕಿಟಕಿಯ ಅಂಚಲ್ಲಿ, ನಾಯಿಯ ತಟ್ಟೆಯಲ್ಲಿ,
ನೆರಿಸ್ ಒಣಹಾಕಿದ ಹೊದಿಕೆಗಳ ಮೇಲೆ.
ಬಿಳಿಗೂ ಕಪ್ಪಿಗೂ ವೇಲ್ಸಿನ ಈ ಮೂಲೆಯಲ್ಲಿ
ಒಂದೇ ಶಿಕ್ಷೆ.

ಹೋದ ಶರತ್ಕಾಲ ಕುಲುಮೆ ಆರಿತು.
ಮೂವತ್ತೊಂದು ವರ್ಷಕ್ಕೆ ಲೆಕ್ಕ ಹಾಕಿ ಕೈಗಿಟ್ಟರು.
ಐವರ್ ಮಾಡು ಹೊದಿಸಿದ.
ಗೆರೈಂಟ್ ದೋಣಿ ದೋಣಿ ಅಂದು
ಕೊನೆಗೆ ಹಲ್ಲು ಕಟ್ಟಿಸಿಕೊಂಡ.
ನಾನು ಕೊಂಡೆ, ಹದಿಮೂರು ವರ್ಷ ಹಳೆಯದು, ಕಪ್ಪು ಜಾಗ್ವಾರ್.
ಮಾರಿದವನು ಆಫೀಸಿನ ಕಡೆಯವನು,
ಕುಲುಮೆಗೆ ಬೆನ್ನು ಹಾಕಿ ಕೂತವನು.

ಮೋಡವಿದ್ದಾಗ ಶಾಯಿಯಷ್ಟು ಕಪ್ಪು.
ಬಿಸಿಲು ಬಿತ್ತೋ (ನಮ್ಮಲ್ಲೂ ಬೀಳುತ್ತದೆ, ಆಗಾಗ)
ಬಾನೆಟ್ಟಿನಲ್ಲಿ ಸೂರ್ಯನ ಸುತ್ತ ಜೇಡರ ಬಲೆ.
ಶನಿವಾರ ಶನಿವಾರ ಸ್ಪಂಜು ಹಿಡಿದು
ನಮ್ಮ ಹುಡಿಯನ್ನೇ ಗುಂಡಗೆ ತಿಕ್ಕಿ ತಿಕ್ಕಿ
ಅವನೇ ನೇಯ್ದುಕೊಂಡ ಬಲೆ.

ಅಂಗಡಿಯಲ್ಲಿ ಮೆರೆರಿಡ್, ತುದುರನ ಮಗಳು.
ಅವಳಪ್ಪನೂ ನಾನೂ ಒಂದೇ ಪಾಳಿ.
ಎರಡು ಯಂತ್ರ ತಂದು ಕೌಂಟರಿನ ಮೇಲಿಟ್ಟಳು.
‘ಇದು ಒಂದೇ ಅಚ್ಚಿನಲ್ಲಿ ತಿರುಗತ್ತೆ. ಬೇಗ ಮುಗಿಯತ್ತೆ.
ಒಂದೇ ಕಡೆ ಮೂರು ಎಣಿಸೋ ತನಕ ನಿಂತಿರೋ, ಬಣ್ಣ ಸುಟ್ಟಿತು.
ಅದು ತಿರುಗ್ತಾ ಓಲಾಡತ್ತೆ, ಶುಕ್ರವಾರ ರಾತ್ರಿಯ ನಮ್ಮಪ್ಪನ ಹಾಗೆ.
ನಿಧಾನ. ಆದ್ರೆ ತಪ್ಪು ಹೊಟ್ಟೆಗೆ ಹಾಕ್ಕೊಳ್ಳತ್ತೆ.’

ಒಂದೇ ಕಡೆ ನಿಂತ ಬಿಸಿ ಏನು ಮಾಡುತ್ತದೆಂದು
ನನ್ನ ಎಡ ಮೊಣಕೈಗೆ ಗೊತ್ತು.
ಓಲಾಡುವುದನ್ನೇ ಕೊಡು ಅಂದೆ.

ಕಿತ್ತಳೆ ಪ್ಯಾಡು ಎರಡು, ಗೀರು ಕಡಿಯಲಿಕ್ಕೆ.
ಮೆತ್ತನೆಯ ಕಪ್ಪು ಪ್ಯಾಡು ಮೂರು.
‘ಕಪ್ಪು ಬಣ್ಣ ಚಾಡಿಕೋರ. ಕಿತ್ತಳೆ ಬಿಟ್ಟುಹೋದ ಮಬ್ಬನ್ನೂ
ಊರಿಗೆಲ್ಲ ಹೇಳತ್ತೆ. ಕೊನೆಗೆ ಇದರಲ್ಲಿ ಸವರಿ.
ಮೇಲಿನ ಪದರ ಕೂದಲಿಗಿಂತ ತೆಳು, ಅಂಕಲ್.
ನೀವು ಏನೂ ಸೇರಿಸ್ತಿಲ್ಲ, ತೆಗೀತಿದ್ದೀರ ಅಷ್ಟೆ.’

ಮೊದಲು ತೊಳೆದು ಕಬ್ಬಿಣ ಬಿಡಿಸುವ ದ್ರವ ಚಿಮುಕಿಸಿದೆ.
ಒಂದು ನಿಮಿಷ ಏನೂ ಇಲ್ಲ.
ಆಮೇಲೆ ಬಾಗಿಲುಗಳಿಂದ, ಡಿಕ್ಕಿಯಿಂದ
ನೇರಳೆ ಬಣ್ಣ ಸುರಿಯತೊಡಗಿತು,
ಗಾಯವಿಲ್ಲದ ರಕ್ತ.
ಅಷ್ಟೂ ನಮ್ಮದೇ. ನಾನೂ ತುದುರನೂ ಕರಗಿಸಿದ್ದು,
ಗಾಳಿಗೆ ಹಾರಿದ್ದು, ಇಷ್ಟು ವರ್ಷ ಇಲ್ಲಿ ಕಚ್ಚಿಕೊಂಡಿದ್ದು.
ಪೈಪು ಹಿಡಿದು ಚರಂಡಿಗೆ ಬಿಟ್ಟೆ.
ನೋಡುತ್ತಾ ನಿಂತೆ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು.

ಅಂಚುಗಳಿಗೆ ನೀಲಿ ಟೇಪು.
ಬಟಾಣಿ ಗಾತ್ರದ ನಾಲ್ಕು ಹನಿ.
ಸ್ವಿಚ್ಚು ಒತ್ತುವ ಮೊದಲೇ ಪ್ಯಾಡು ಲೋಹಕ್ಕೆ ತಾಗಿರಬೇಕು,
ಇಲ್ಲವಾದರೆ ಗೋಡೆ, ಗಡ್ಡ, ಬೆಕ್ಕು, ಎಲ್ಲಕ್ಕೂ ಪಾಲಿಶ್
(ಬೆಕ್ಕು ಕ್ಷಮಿಸಿಲ್ಲ).
ಒಂದನೇ ವೇಗದಲ್ಲಿ ಹರಡು, ನಾಲ್ಕರಲ್ಲಿ ಉಜ್ಜು,
ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ,
ಬಸವನಹುಳದ ನಡಿಗೆ. ಯಂತ್ರದ ಭಾರವೇ ಸಾಕು, ಒತ್ತಬೇಡ.
ಒತ್ತದೆ ಕೆಲಸ ಮಾಡುವುದು
ಐವತ್ತೆಂಟಕ್ಕೆ ಕಲಿಯಬೇಕಾಯಿತು.
ಬಟ್ಟೆಯಲ್ಲಿ ಒರೆಸಿ ಟಾರ್ಚು ಬಿಟ್ಟೆ.
ಬಲೆಯ ನಡುವೆ ಒಂದು ಚಪ್ಪಡಿಯಗಲ
ಬಾವಿಯಂಥ ಕಪ್ಪು.

ಮೂರು ದಿನ. ಅಂಗೈ ರಾತ್ರಿಯಿಡೀ ಜುಮುಗುಟ್ಟುತ್ತಿತ್ತು,
ಹಳೆಯ ಪಾಳಿಯ ಹಾಗೆ.
ನಿದ್ದೆ ಚೆನ್ನಾಗಿ ಬಂತು.

ಶುಕ್ರವಾರ ನೆರಿಸ್ ಹೊದಿಕೆಗಳನ್ನು ಹೊರಗೇ ಹರವಿದಳು,
ಇಡೀ ದಿನಕ್ಕೆ.
ಬಾನೆಟ್ಟಿನೊಳಗೆ ಅವು ತಲೆಕೆಳಗಾಗಿ ಬೀಸುತ್ತಿದ್ದವು,
ಅವುಗಳಾಚೆ ಚಿಮಣಿ, ಹೊಗೆಯಿಲ್ಲದೆ, ಗೆರೆ ಕೊರೆದಷ್ಟು ಸ್ಪಷ್ಟ.
ಅಭ್ಯಾಸ. ಬೆರಳು ಎಳೆದು ನೋಡಿದೆ.
ಬೆರಳು ಬೆರಳಿನ ಬಣ್ಣದ್ದೇ ಇತ್ತು.

ಐವರ್ ಬೇಲಿಗೆ ಒರಗಿ ನಿಂತ.
ತನ್ನ ಮುಖ ಕಂಡು ಟೋಪಿ ಸರಿಮಾಡಿಕೊಂಡ.
‘ಚೆನ್ನಾಗಿದೆ ಕಣೋ,’ ಅಂದ. ‘ಎಲ್ಲಿಗೆ ಹೋಗ್ತೀಯ ಇದರಲ್ಲಿ?’
ಆರು ಗಂಟೆಯ ಸೈರನ್ ಆಗುವ ಹೊತ್ತು. ಆಗಲಿಲ್ಲ.
ಸುತ್ತಿಟ್ಟ ವೈರು ಮತ್ತೆ ಬಿಚ್ಚಿದೆ.
‘ಎಡಗಡೆ ಹಿಂದಿನ ಬಾಗಿಲು,’ ಅಂದೆ,
‘ಇನ್ನೂ ಬಾಕಿ ಇದೆ.’